ಹಾಲಿನ ಪುಡಿಯ ಡಬ್ಬಿ, ಹಳೆಯ ಚಪ್ಪಲಿ: ಫಿಲಿಪೀನ್ಸ್ ಮಕ್ಕಳ ಆಟಗಳನ್ನು ಆಡಿಸುವ ಬಗೆ

ಶಾರ್ಜಾದಲ್ಲಿ ನಾವಿದ್ದ ಕಟ್ಟಡದ ಹಿಂದೆ ಕಾರು ನಿಲ್ಲಿಸುವ ಜಾಗವೊಂದಿತ್ತು. ರಜೆಯ ದಿನ ಸಂಜೆ ಅದು ಅರ್ಧ ಖಾಲಿ ಇರುತ್ತಿತ್ತು. ಪಕ್ಕದ ಮನೆಯಲ್ಲಿದ್ದ ಫಿಲಿಪೀನ್ಸ್‌ನ ದಾದಿಯೊಬ್ಬರು ಒಂದು ದಿನ ಹಾಲಿನ ಪುಡಿಯ ಖಾಲಿ ಡಬ್ಬಿ ತಂದು ನೆಲದ ಮೇಲಿಟ್ಟು, ಅದರ ಸುತ್ತ ಸೀಮೆಸುಣ್ಣದಿಂದ ಒಂದು ವೃತ್ತ ಎಳೆದರು. ಹತ್ತು ಹೆಜ್ಜೆ ಹಿಂದೆ ಸರಿದು, ಕಾಲಿನ ಹವಾಯಿ ಚಪ್ಪಲಿಯನ್ನು ಕೈಗೆ ತೆಗೆದುಕೊಂಡು, ಮಂಡಿಯ ಮಟ್ಟದಲ್ಲಿ ಬೀಸಿ ಎಸೆದರು. ಚಪ್ಪಲಿ ನೆಲಕ್ಕೆ ತಾಗಿ ಜಾರುತ್ತಾ ಹೋಗಿ ಡಬ್ಬಿಯ ಬುಡಕ್ಕೆ ಬಡಿಯಿತು. ಡಬ್ಬಿ ಉರುಳಿದ ಸದ್ದಿಗೆ ಮೂರನೆಯ ಮಹಡಿಯ ಬಾಲ್ಕನಿಯಿಂದ ಒಂದು ಮಗು ಇಣುಕಿತು, ಐದನೆಯದರಿಂದ ಇನ್ನೊಂದು. ಕಾಲು ಗಂಟೆಯಲ್ಲಿ ಒಂಬತ್ತು ಮಕ್ಕಳು ಕೆಳಗಿದ್ದರು. ಕನ್ನಡ, ಮಲಯಾಳಂ, ಉರ್ದು, ಅರಬ್ಬಿ, ತಗಾಲೊಗ್, ಹೀಗೆ ಮನೆಗೊಂದು ಭಾಷೆ. ಆಟದ ನಿಯಮವನ್ನು ಯಾರೂ ಬಾಯಿಬಿಟ್ಟು ವಿವರಿಸಲಿಲ್ಲ. ಎರಡು ಸುತ್ತು ನೋಡಿದ ಮೇಲೆ ಎಲ್ಲರಿಗೂ ತಿಳಿದಿತ್ತು.

ಅವರನ್ನು ಅವರ ಕಡೆಯ ಮಕ್ಕಳು ‘ಆತೆ’ ಎನ್ನುತ್ತಿದ್ದರು, ಅಕ್ಕ ಎಂದರ್ಥ. ನನ್ನ ಮಗಳು ಅದನ್ನು ‘ಅತ್ತೆ’ ಎಂದೇ ಕೇಳಿಸಿಕೊಂಡು ಕೊನೆಯವರೆಗೂ ಹಾಗೆಯೇ ಕರೆದಳು. ಈ ಲೇಖನದಲ್ಲಿರುವ ಬಹುಪಾಲು ವಿಷಯವನ್ನು ನಾನು ಕಲಿತದ್ದು ಆ ಆತೆಯಿಂದ, ಆ ಅಂಗಳದಲ್ಲಿ. ಊರಿಗೆ ಮರಳಿದ ಮೇಲೆ ನಮ್ಮ ಓಣಿಯ ಮಕ್ಕಳಿಗೂ ಇವನ್ನೇ ಆಡಿಸುತ್ತಿದ್ದೇನೆ. ನೀವೂ ಆಡಿಸಬಹುದು. ದುಡ್ಡು ಬೇಕಿಲ್ಲ, ಮೈದಾನ ಬೇಕಿಲ್ಲ. ಬೇಕಾದದ್ದು ನಾಲ್ಕಾರು ಮಕ್ಕಳು, ಒಂದು ಡಬ್ಬಿ, ಒಂದು ಬಕೆಟ್ ನೀರು. ಜೊತೆಗೆ, ಹೇಳಿಕೊಟ್ಟಾದ ಮೇಲೆ ಪಕ್ಕಕ್ಕೆ ಸರಿದು ನಿಲ್ಲುವ ಮನಸ್ಸು. ಈ ಕೊನೆಯದೇ ಕಷ್ಟ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಎರಡು ಮಾತು ಕಲಿಯಿರಿ

ಫಿಲಿಪೀನ್ಸ್‌ನಲ್ಲಿ ಈ ಆಟಗಳಿಗೆ ಒಟ್ಟಾಗಿ ‘ಲಾರೊಂಗ್ ಪಿನಾಯ್’ ಎನ್ನುತ್ತಾರೆ. ಲಾರೊ ಎಂದರೆ ಆಟ, ಪಿನಾಯ್ ಎಂದರೆ ಫಿಲಿಪೀನ್ಸ್‌ನವರು ತಮ್ಮನ್ನು ತಾವು ಪ್ರೀತಿಯಿಂದ ಕರೆದುಕೊಳ್ಳುವ ಹೆಸರು. ಯಾವ ಆಟ ಆಡಿಸಿದರೂ ಎರಡು ಪದ ಬಂದೇ ಬರುತ್ತವೆ.

ಒಂದು ‘ತಾಯಾ’. ನಮ್ಮ ಮುಟ್ಟಾಟದಲ್ಲಿ ‘ಕಳ್ಳ’ ಎನ್ನುತ್ತೇವಲ್ಲ, ಅದೇ. ಹಿಡಿಯುವವರು, ಕಾಯುವವರು, ಹುಡುಕುವವರು ಎಲ್ಲರೂ ತಾಯಾ.

ಇನ್ನೊಂದು ‘ಸಾಲಿಂಗ್ ಪೂಸಾ’. ಪದಶಃ ನೋಡಿದರೆ ‘ಜೊತೆಗೆ ಸೇರಿಕೊಂಡ ಬೆಕ್ಕು’. ದೊಡ್ಡ ಮಕ್ಕಳ ಆಟಕ್ಕೆ ಮೂರು-ನಾಲ್ಕು ವರ್ಷದ ತಮ್ಮನೋ ತಂಗಿಯೋ ಅಳುತ್ತಾ ಬರುತ್ತದೆ. ಓಡಿಸುವ ಹಾಗಿಲ್ಲ, ಸಮನಾಗಿ ಆಡಿಸುವ ಹಾಗೂ ಇಲ್ಲ. ಆಗ ಆ ಮಗು ಸಾಲಿಂಗ್ ಪೂಸಾ ಆಗುತ್ತದೆ. ಎಲ್ಲರ ಜೊತೆ ಓಡುತ್ತದೆ, ಕಿರುಚುತ್ತದೆ, ಎಸೆಯುತ್ತದೆ. ಸಿಕ್ಕಿಬಿದ್ದರೆ ಮಾತ್ರ ತಾಯಾ ಆಗುವುದಿಲ್ಲ. ಇದನ್ನು ಕೇಳಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ಈಗ ನಾವು ಆ ಮಾತನ್ನು ಕಚೇರಿಯಲ್ಲಿ, ರಾಜಕೀಯದಲ್ಲಿ ಯಾರನ್ನೋ ಹಂಗಿಸಲು ಬಳಸುತ್ತೇವೆ. ಅದು ಹುಟ್ಟಿದ್ದು ಮಕ್ಕಳ ಅಂತಃಕರಣದಲ್ಲಿ. ಎರಡು ದೇಶಗಳ ಮಕ್ಕಳು ಒಬ್ಬರನ್ನೊಬ್ಬರು ನೋಡದೆಯೇ ಒಂದೇ ಉಪಾಯ ಕಂಡುಕೊಂಡಿದ್ದಾರೆ. ಚಿಕ್ಕವರನ್ನು ಹೊರಗಿಡದೆ ಆಟವನ್ನೂ ಕೆಡಿಸದೆ ನಡೆಸಿಕೊಂಡು ಹೋಗುವುದನ್ನು ಯಾವ ಪಾಠಪುಸ್ತಕವೂ ಇಷ್ಟು ಚೆನ್ನಾಗಿ ಕಲಿಸುವುದಿಲ್ಲ. ಆದ್ದರಿಂದ ಆಟ ಶುರುವಾಗುವ ಮೊದಲೇ ‘ಇವತ್ತು ಸಾಲಿಂಗ್ ಪೂಸಾ ಯಾರು?’ ಎಂದು ದೊಡ್ಡ ಮಕ್ಕಳನ್ನು ಕೇಳಿ. ಹೆಸರು ಅವರೇ ಹೇಳಲಿ.

ಜಾಗ, ಹೊತ್ತು, ತಾಯಾ ಆರಿಸುವುದು

ಎಂಟು ಹತ್ತು ಹೆಜ್ಜೆ ಉದ್ದಗಲದ ಸಮತಟ್ಟು ನೆಲ ಸಾಕು. ಅಪಾರ್ಟ್‌ಮೆಂಟಿನ ಖಾಲಿ ಪಾರ್ಕಿಂಗ್, ಶಾಲೆಯ ಅಂಗಳ, ವಾಹನ ಬಾರದ ಓಣಿ ಯಾವುದಾದರೂ ಆದೀತು. ಗಾಜಿನ ಚೂರು, ಮೊಳೆ, ಜಲ್ಲಿ ಇದೆಯೇ ಎಂದು ನೀವೇ ಒಮ್ಮೆ ಬಗ್ಗಿ ನೋಡಿ, ಏಕೆಂದರೆ ಮಕ್ಕಳು ಚಪ್ಪಲಿ ಬಿಚ್ಚುವವರೇ. ಹೊತ್ತು ಇಳಿದ ಮೇಲೆ ಒಳ್ಳೆಯದು. ಫಿಲಿಪೀನ್ಸ್‌ನ ಹಳ್ಳಿಗಳಲ್ಲಿ ಹಲವು ಆಟಗಳು ಬೆಳದಿಂಗಳ ಆಟಗಳೇ. ಅಲ್ಲಿಯ ಕಣ್ಣಾಮುಚ್ಚಾಲೆಯ ಹೆಸರು ‘ತಾಗು-ತಾಗುವಾನ್’. ಅದರ ಪದ್ಯ ಶುರುವಾಗುವುದೇ ಚಂದ್ರ ಬೆಳಗುತ್ತಿದ್ದಾನೆ ಎಂದು, ಹತ್ತು ಎಣಿಸುವಷ್ಟರಲ್ಲಿ ಅಡಗಿಕೊಂಡಿರಿ ಎಂದು. ನಮ್ಮ ‘ಕಣ್ಣಾಮುಚ್ಚೆ ಕಾಡೇಗೂಡೆ’ ಹೇಳಿಕೊಂಡು ಬೆಳೆದವರಿಗೆ ಅದು ಹೊಸದೆನಿಸುವುದಿಲ್ಲ.

ತಾಯಾ ಯಾರೆಂದು ತೀರ್ಮಾನಿಸಲು ಮೂರು ದಾರಿಗಳಿವೆ. ಮೊದಲನೆಯದು ‘ಮಾಯಿಬಾ ತಾಯಾ’, ಅಂದರೆ ‘ಬೇರೆಯಾದವನೇ ತಾಯಾ’. ಎಲ್ಲರೂ ಒಟ್ಟಿಗೆ ಅಂಗೈಯನ್ನು ಮೇಲಕ್ಕೋ ಕೆಳಕ್ಕೋ ಚಾಚುತ್ತಾರೆ, ಗುಂಪಿಗಿಂತ ಬೇರೆ ತೋರಿಸಿದ ಒಬ್ಬರು ತಾಯಾ. ಇಬ್ಬರೇ ಉಳಿದರೆ ‘ಜಾಕ್ ಎನ್ ಪಾಯ್’, ಕಲ್ಲು-ಕಾಗದ-ಕತ್ತರಿ. ಜಪಾನಿನ ಜಾನ್ ಕೆನ್ ಪೋನ್ ಆ ದ್ವೀಪಗಳಿಗೆ ಬಂದು ಆ ರೂಪ ಪಡೆದಿದೆ. ಸೋತವರು ಕೋತಿ ಎಂದು ಅದರ ಪದ್ಯ ಮುಗಿಯುತ್ತದೆ, ಮಕ್ಕಳಿಗೆ ಆ ಸಾಲೇ ಇಷ್ಟ. ಮೂರನೆಯದು ಪುಟಾಣಿಗಳಿಗೆ, ‘ಸಾವ್‌ಸಾವ್ ಸೂಕಾ’, ವಿನೆಗರ್‌ನಲ್ಲಿ ಅದ್ದುವುದು ಎಂದರ್ಥ. ಒಬ್ಬರು ಅಂಗೈ ಚಾಚುತ್ತಾರೆ, ಉಳಿದವರು ಅದರಲ್ಲಿ ತೋರುಬೆರಳು ಅದ್ದುತ್ತಾರೆ, ಪದ್ಯ ಮುಗಿಯುತ್ತಿದ್ದಂತೆ ಕೈ ಮುಷ್ಟಿಯಾಗುತ್ತದೆ. ಬೆರಳು ಸಿಕ್ಕವರು ತಾಯಾ. ಕಾಯಿಸುವ ಕ್ಲಿನಿಕ್ಕಿನಲ್ಲಿ, ಬಸ್ಸಿನಲ್ಲಿ ಇದೇ ಒಂದು ಪೂರ್ತಿ ಆಟವಾಗುತ್ತದೆ.

ತುಂಬಂಗ್ ಪ್ರೆಸೊ: ಡಬ್ಬಿ ಕಾಯುವ ಆಟ

ಶುರುಮಾಡುವುದಾದರೆ ಇದರಿಂದಲೇ ಮಾಡಿ. ಹೆಸರಿನಲ್ಲಿರುವ ಪ್ರೆಸೊ ಸ್ಪ್ಯಾನಿಷ್ ಪದ, ಕೈದಿ ಎಂದರ್ಥ. 1565ರಿಂದ 1898ರವರೆಗೆ ಸ್ಪೇನ್ ಆಳಿದ ನಾಡು ಅದು. ಆಟದ ಸಾಮಾನುಗಳ ಹೆಸರಿನಲ್ಲೂ ಆ ಕಾಲ ಉಳಿದುಕೊಂಡಿದೆ: ಡಬ್ಬಿಗೆ ‘ಲಾತಾ’, ಬುಗುರಿಗೆ ‘ತ್ರುಂಪೊ’. ಚಪ್ಪಲಿಗೆ ‘ತ್ಸಿನೆಲಾಸ್’, ಅದೂ ಸ್ಪ್ಯಾನಿಷ್ ಮೂಲದ್ದೇ.

ಗಟ್ಟಿ ತಗಡಿನ ಡಬ್ಬಿಯೊಂದನ್ನು ಹುಡುಕಿ. ಪ್ಲಾಸ್ಟಿಕ್ ಬೇಡ. ಉರುಳುವ ಸದ್ದೇ ಈ ಆಟದ ಜೀವ. ಅಂಚು ಹರಿತವಾಗಿದ್ದರೆ ಕಲ್ಲಿನಿಂದ ಬಡಿದು ಮಡಚಿ. ಡಬ್ಬಿಗಿಂತ ಒಂದು ಗೇಣು ಅಗಲದ ವೃತ್ತ ಬರೆದು ನಡುವೆ ಡಬ್ಬಿ ನಿಲ್ಲಿಸಿ. ಚಿಕ್ಕ ಮಕ್ಕಳಾದರೆ ಮೂರು ಮೀಟರ್, ಹತ್ತು ವರ್ಷ ದಾಟಿದವರಾದರೆ ಐದಾರು ಮೀಟರ್ ದೂರದಲ್ಲಿ ಎಸೆಯುವ ಗೆರೆ ಎಳೆಯಿರಿ. ತಾಯಾ ಡಬ್ಬಿಯ ಬಳಿ ನಿಲ್ಲುತ್ತಾರೆ, ವೃತ್ತದೊಳಗೆ ಕಾಲಿಡುವಂತಿಲ್ಲ. ಉಳಿದವರು ಗೆರೆಯ ಹಿಂದಿನಿಂದ ಒಬ್ಬೊಬ್ಬರಾಗಿ ಚಪ್ಪಲಿ ಎಸೆದು ಡಬ್ಬಿ ಬೀಳಿಸಬೇಕು.

ಇಲ್ಲಿಂದ ಮುಂದೆ ರಂಗೇರುತ್ತದೆ. ಡಬ್ಬಿ ಬಿದ್ದು ವೃತ್ತದಾಚೆ ಉರುಳಿತೆನ್ನಿ, ಎಲ್ಲರೂ ತಮ್ಮ ತಮ್ಮ ಚಪ್ಪಲಿ ಎತ್ತಿಕೊಳ್ಳಲು ಒಮ್ಮೆಲೇ ನುಗ್ಗುತ್ತಾರೆ. ತಾಯಾ ಅವರನ್ನು ಮುಟ್ಟಬಹುದು, ಆದರೆ ಅದಕ್ಕೆ ಮೊದಲು ಡಬ್ಬಿಯನ್ನು ಹುಡುಕಿ ತಂದು ವೃತ್ತದೊಳಗೆ ನೆಟ್ಟಗೆ ನಿಲ್ಲಿಸಿರಬೇಕು. ಡಬ್ಬಿ ನಿಂತಿದ್ದಾಗ ಗೆರೆಯ ಮುಂದೆ ಸಿಕ್ಕಿಬಿದ್ದವರು ಹೊಸ ತಾಯಾ. ಎಲ್ಲರ ಎಸೆತವೂ ತಪ್ಪಿದರೆ? ಚಪ್ಪಲಿಗಳೆಲ್ಲ ಡಬ್ಬಿಯ ಸುತ್ತ ಬಿದ್ದಿರುತ್ತವೆ, ಡಬ್ಬಿ ನಿಂತೇ ಇರುತ್ತದೆ, ತಾಯಾ ಕಣ್ಣಿಟ್ಟು ಕಾಯುತ್ತಿರುತ್ತಾರೆ. ಆಗ ಯಾರಾದರೂ ಒಬ್ಬರು ಧೈರ್ಯ ಮಾಡಿ ಒಂದು ಕಡೆಯಿಂದ ಓಡಬೇಕು, ತಾಯಾ ಅತ್ತ ತಿರುಗಿದಾಗ ಇನ್ನೊಬ್ಬರು ಇತ್ತ ನುಸುಳಬೇಕು. ಈ ಒಳಸಂಚನ್ನು ನೀವು ಹೇಳಿಕೊಡಬೇಡಿ. ಮೂರನೆಯ ಸುತ್ತಿಗೆ ಅವರಿಗೇ ಹೊಳೆಯುತ್ತದೆ, ಹೊಳೆದಾಗಿನ ಅವರ ಮುಖ ನೋಡಿ.

ಇದು ನಮ್ಮ ಲಗೋರಿಯ ಸೋದರಸಂಬಂಧಿ ಎನಿಸುವುದು ಸಹಜ, ಆದರೆ ಒಂದು ವ್ಯತ್ಯಾಸ ನನಗೆ ಬಹಳ ಮುಖ್ಯವೆನಿಸುತ್ತದೆ. ಲಗೋರಿಯಲ್ಲಿ ಬೀಳಿಸಿದವರೇ ಮತ್ತೆ ಜೋಡಿಸಬೇಕು. ಇಲ್ಲಿ ಬೀಳಿಸುವವರು ಗುಂಪು, ಎತ್ತಿ ನಿಲ್ಲಿಸುವವರು ಒಬ್ಬರೇ. ಆ ಒಬ್ಬರು ಸಿಟ್ಟಿನಿಂದ ಡಬ್ಬಿಯನ್ನು ಕುಕ್ಕಿದರೆ ಅದು ಮತ್ತೆ ಉರುಳುತ್ತದೆ. ಎದೆ ಹೊಡೆದುಕೊಳ್ಳುತ್ತಿದ್ದರೂ ಕೈ ನಿಧಾನವಾಗಿರಬೇಕು. ಏಳು ವರ್ಷದ ಮಗುವೊಂದು ಓಡಿ ಬಂದು, ಉಸಿರು ಹಿಡಿದು, ಎರಡೂ ಕೈಯಿಂದ ಡಬ್ಬಿಯನ್ನು ಮೆಲ್ಲನೆ ನಿಲ್ಲಿಸಿ, ಬೆರಳು ಬಿಡಿಸಿ, ಆಮೇಲೆ ಚಿಮ್ಮುವುದನ್ನು ಹತ್ತಿರದಿಂದ ನೋಡಿದರೆ, ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಳ್ಳುವುದು ಎಂದರೇನೆಂದು ಬೇರೆ ವಿವರಣೆ ಬೇಕಾಗುವುದಿಲ್ಲ. ಗುರಿ, ದೂರದ ಅಂದಾಜು, ಹೊತ್ತು ನೋಡಿ ನುಗ್ಗುವುದು, ಇವೆಲ್ಲ ಜೊತೆಗೆ ಬರುತ್ತವೆ.

ಒಂದು ಮಾತು. ನಮ್ಮ ಮನೆಗಳಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಎಸೆಯುವುದಕ್ಕೆ ಹಿರಿಯರು ಒಪ್ಪದೇ ಇರಬಹುದು, ಅದು ಯಾರಿಗಾದರೂ ತಾಗಿದರೆ ಅವಮಾನವೆಂದು ಭಾವಿಸುವವರೂ ಇದ್ದಾರೆ. ಜಗಳ ಬೇಡ. ಹಳೆಯ ಚಪ್ಪಲಿಯ ಅಟ್ಟೆಯನ್ನು ಬಾರು ಕಿತ್ತು, ತೊಳೆದು, ಆಟಕ್ಕೆಂದೇ ಎತ್ತಿಡಿ. ನಮ್ಮ ಓಣಿಯಲ್ಲಿ ಹಾಗೆ ಎಂಟು ಅಟ್ಟೆಗಳ ಒಂದು ಚೀಲವಿದೆ. ಎಸೆತ ಯಾವಾಗಲೂ ಮಂಡಿಯ ಕೆಳಗೆ ಎಂಬುದನ್ನು ಮಾತ್ರ ಕಟ್ಟುನಿಟ್ಟು ಮಾಡಿ.

ಪಾತಿಂತೆರೊ: ನೀರಿನ ಗೆರೆಗಳು

ಇದಕ್ಕೆ ‘ತುಬಿಗಾನ್’ ಎಂಬ ಹೆಸರೂ ಇದೆ. ತುಬಿಗ್ ಎಂದರೆ ನೀರು. ಸೀಮೆಸುಣ್ಣ ಇಲ್ಲದ ಕಡೆ ಮಣ್ಣಿನ ನೆಲದ ಮೇಲೆ ನೀರು ಸುರಿದು ಗೆರೆ ಎಳೆದು ಆಡುತ್ತಿದ್ದರು. ಆಟ್ಯಾ-ಪಾಟ್ಯಾ ಬಲ್ಲವರಿಗೆ ಇದರ ಅಂದಾಜು ಸುಲಭವಾಗಿ ಸಿಗುತ್ತದೆ. ತಂಡಕ್ಕೆ ನಾಲ್ವರಂತೆ ಎಂಟು ಮಕ್ಕಳಿದ್ದರೆ ಹೀಗೆ ಮಾಡಿ.

1. ಹೂಜಿಯಿಂದ ಸಣ್ಣಗೆ ನೀರು ಬಿಡುತ್ತಾ ಆರು ದೊಡ್ಡ ಹೆಜ್ಜೆ ಅಗಲ, ಒಂಬತ್ತು ಹೆಜ್ಜೆ ಉದ್ದದ ಆಯತ ಎಳೆಯಿರಿ. ಸಿಮೆಂಟಿನ ನೆಲವಾದರೆ ನೀರು ಬೇಗ ಆರುತ್ತದೆ, ಸೀಮೆಸುಣ್ಣವೇ ಸರಿ.
2. ಮುಂದಿನದೂ ಹಿಂದಿನದೂ ಸೇರಿ ಒಟ್ಟು ನಾಲ್ಕು ಅಡ್ಡಗೆರೆ ಬರುವಂತೆ, ಮೂರು ಮೂರು ಹೆಜ್ಜೆಗೊಂದು ಗೆರೆ ಹಾಕಿ. ನಡುವೆ ಉದ್ದಕ್ಕೆ ಒಂದೇ ಗೆರೆ. ಈಗ ಆರು ಮನೆಗಳಾದವು.
3. ಕಾಯುವ ತಂಡದವರು ಅಡ್ಡಗೆರೆಗೊಬ್ಬರಂತೆ ನಿಲ್ಲಲಿ. ಎರಡೂ ಪಾದ ಗೆರೆಯ ಮೇಲೇ ಇರಬೇಕು. ಮೊದಲ ಗೆರೆಯವರಿಗೆ ‘ಪಾತೊತೊತ್’ ಎಂದು ಹೆಸರು. ನಡುಗೆರೆಯ ಉದ್ದಕ್ಕೂ ಓಡಾಡುವ ಅಧಿಕಾರ ಅವರಿಗೆ ಮಾತ್ರ.
4. ಓಡುವ ತಂಡದವರು ಮುಂದಿನಿಂದ ನುಗ್ಗಿ, ಎಲ್ಲ ಗೆರೆ ದಾಟಿ, ಹಿಂದಿನಿಂದ ಹೊರಬಿದ್ದು, ಅದೇ ದಾರಿಯಲ್ಲಿ ಮರಳಬೇಕು. ಒಬ್ಬರು ಮುಟ್ಟಿಸಿಕೊಳ್ಳದೆ ಮರಳಿದರೂ ತಂಡಕ್ಕೆ ಒಂದು ಅಂಕ.
5. ಒಬ್ಬರು ಸಿಕ್ಕಿಬಿದ್ದರೂ ತಂಡಗಳು ಅದಲುಬದಲು.

ಐದನೆಯ ನಿಯಮ ಕಠಿಣ ಎನಿಸಬಹುದು, ಅದನ್ನು ಸಡಿಲಿಸಬೇಡಿ. ತಾನು ಸಿಕ್ಕಿಬಿದ್ದರೆ ಎಲ್ಲರೂ ಹೊರಗೆ ಎಂದು ಗೊತ್ತಿದ್ದಾಗಲೇ ಮಕ್ಕಳು ಒಬ್ಬರಿಗೊಬ್ಬರು ಕಣ್ಣಾಗುವುದು. ಚುರುಕಾದವರು ಬೇಕೆಂದೇ ಕಾವಲುಗಾರರ ಮುಂದೆ ಕುಣಿದು ಅವರನ್ನು ಒಂದು ಕಡೆ ಕಟ್ಟಿಹಾಕುತ್ತಾರೆ, ಆ ಹೊತ್ತಿನಲ್ಲಿ ನಿಧಾನದವರು ಇನ್ನೊಂದು ಬದಿಯಿಂದ ದಾಟುತ್ತಾರೆ. ನಮ್ಮ ಓಣಿಯಲ್ಲಿ ಓಟದಲ್ಲಿ ಯಾವಾಗಲೂ ಕೊನೆಯವನಾಗುವ ಒಬ್ಬ ಹುಡುಗನಿದ್ದಾನೆ. ಪಾತಿಂತೆರೊದಲ್ಲಿ ಅವನು ರಾಜ, ಏಕೆಂದರೆ ಇಲ್ಲಿ ಗೆಲ್ಲಿಸುವುದು ವೇಗವಲ್ಲ, ನಿಂತಲ್ಲೇ ಎದುರಾಳಿಯ ಭುಜದ ತೂಕ ಯಾವ ಕಡೆ ವಾಲುತ್ತಿದೆ ಎಂದು ಓದುವ ಕಣ್ಣು.

ಮುಳ್ಳು ದಾಟುವುದು, ಹಸು ದಾಟುವುದು

ಲುಕ್ಸೊಂಗ್ ತಿನಿಕ್ ಎಂದರೆ ಮುಳ್ಳಿನ ಮೇಲೆ ಜಿಗಿತ. ಇಬ್ಬರು ಮಕ್ಕಳು ಎದುರುಬದುರಾಗಿ ಕಾಲು ಚಾಚಿ ಕೂತು ಅಂಗಾಲಿಗೆ ಅಂಗಾಲು ತಾಗಿಸುತ್ತಾರೆ. ಉಳಿದವರು ಓಡಿ ಬಂದು ಅದನ್ನು ದಾಟಬೇಕು. ಎಲ್ಲರೂ ದಾಟಿದರೆ ಪಾದದ ಮೇಲೆ ಪಾದ, ಅದರ ಮೇಲೆ ಒಬ್ಬರ ಬಿಡಿಸಿದ ಗೇಣು, ಅದರ ಮೇಲೆ ಇನ್ನೊಬ್ಬರ ಗೇಣು, ಹೀಗೆ ಮುಳ್ಳು ಬೆಳೆಯುತ್ತಾ ಹೋಗುತ್ತದೆ. ಅವರ ಭಾಷೆಯಲ್ಲೂ ಗೇಣಿಗೆ ಸ್ವಂತ ಪದವಿದೆ, ‘ದಂಗ್ಕಲ್’. ಮಕ್ಕಳ ಅಳತೆಗೋಲು ಎಲ್ಲೆಡೆಯೂ ಅವರ ಮೈಯೇ.

ಇದರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ‘ನನಾಯ್’. ತಾಯಿ ಎಂದರ್ಥ. ಪ್ರತಿ ತಂಡದಲ್ಲೂ ಎತ್ತರಕ್ಕೆ ಜಿಗಿಯಬಲ್ಲ ಒಬ್ಬರು ನನಾಯ್ ಆಗುತ್ತಾರೆ. ತಂಡದಲ್ಲಿ ಯಾರಾದರೂ ತಾಗಿಸಿ ಔಟಾದರೆ, ಅವರ ಪಾಲಿನ ಜಿಗಿತವನ್ನು ನನಾಯ್ ಜಿಗಿದು ಅವರನ್ನು ಉಳಿಸಬಹುದು. ಸಮರ್ಥರಾದವರ ಕೆಲಸ ತಾವು ಗೆಲ್ಲುವುದಷ್ಟೇ ಅಲ್ಲ, ಬಿದ್ದವರನ್ನು ಆಟದೊಳಗೆ ಮರಳಿ ತರುವುದು. ಹುಡುಗರೂ ನನಾಯ್ ಆಗಬಹುದು, ನಮ್ಮಲ್ಲಿ ಆಗುತ್ತಾರೆ, ಆ ಹೆಸರಿಗೆ ಯಾರೂ ನಗುವುದಿಲ್ಲ.

ಎಚ್ಚರಿಕೆ ಮಾತ್ರ ಬೇಕು. ಹುಲ್ಲು ಅಥವಾ ಮರಳಿನ ಮೇಲೆಯೇ ಆಡಿಸಿ. ಜಿಗಿಯುವವರು ಬರಿಗಾಲಿನಲ್ಲಿರಲಿ. ಎರಡು ಗೇಣಿಗೆ ನಿಲ್ಲಿಸಿ. ಕೂತವರ ಬೆರಳಿಗೆ ಪೆಟ್ಟಾಗುವ ಭಯವಿದ್ದರೆ ಕೈಯ ಬದಲು ಇಬ್ಬರು ಹಿಡಿದ ಹಳೆಯ ದುಪಟ್ಟಾ ಸಾಕು. ಲುಕ್ಸೊಂಗ್ ಬಾಕಾ, ಅಂದರೆ ಹಸುವಿನ ಮೇಲೆ ಜಿಗಿತ, ಬಗ್ಗಿ ನಿಂತವರ ಬೆನ್ನಿನ ಮೇಲೆ ಕೈಯೂರಿ ಹಾರುವ ಆಟ. ಅದರಲ್ಲಿ ‘ಹಸು’ ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಎತ್ತರವಾಗುತ್ತದೆ. ಒಂಬತ್ತು ವರ್ಷಕ್ಕಿಂತ ಚಿಕ್ಕವರಿಗೆ ನಾನು ಅದನ್ನು ಆಡಿಸುವುದಿಲ್ಲ. ತಲೆ ಒಳಗೆ ಬಾಗಿಸಿಕೊಳ್ಳುವುದನ್ನು ಮೊದಲು ಕಲಿಸಬೇಕು.

ನೀವು ಆಗಲೇ ಬಲ್ಲವು

ಪೀಕೊ ನಮ್ಮ ಕುಂಟೆಬಿಲ್ಲೆ. ಬಿಲ್ಲೆಗೆ ಅಲ್ಲಿ ‘ಪಮಾತೊ’ ಎನ್ನುತ್ತಾರೆ. ಅವರ ಒಂದು ಬಗೆಯ ಚಿತ್ರದಲ್ಲಿ ಎದೆ, ರೆಕ್ಕೆ, ಚಂದ್ರ ಎಂಬ ಭಾಗಗಳಿರುತ್ತವೆ. ಮೊದಲು ಆಡುವವರು ಯಾರೆಂದು ತಿಳಿಯಲು ಎಲ್ಲರೂ ಚಂದ್ರನತ್ತ ಬಿಲ್ಲೆ ಎಸೆಯುತ್ತಾರೆ, ಹತ್ತಿರ ಬಿದ್ದವರದು ಮೊದಲ ಸರದಿ. ಈ ಒಂದು ಪದ್ಧತಿಯನ್ನು ನಿಮ್ಮ ಕುಂಟೆಬಿಲ್ಲೆಗೆ ಸೇರಿಸಿ ನೋಡಿ.

ಲಾಂಗಿತ್-ಲೂಪಾ, ಆಕಾಶ-ಭೂಮಿ: ಎತ್ತರದ ಮೇಲೆ ನಿಂತವರು ಸುರಕ್ಷಿತ, ನೆಲದಲ್ಲಿದ್ದವರು ಸಿಗುತ್ತಾರೆ. ಕಲ್ಲು-ಮಣ್ಣು ಆಡಿದವರಿಗೆ ಹೇಳಬೇಕಿಲ್ಲ. ಶಾತೊ ಎಂಬುದು ಚಿನ್ನಿದಾಂಡು. ಅದರಲ್ಲಿ ಸೋತವರು ಒಂದೇ ಉಸಿರಿನಲ್ಲಿ ಆಟದ ಹೆಸರನ್ನು ಎಳೆದು ಕೂಗುತ್ತಾ ಓಡಬೇಕು, ಉಸಿರು ಮುರಿಯುವ ಹಾಗಿಲ್ಲ. ಕಬಡ್ಡಿಯ ನಾಡಿನವರಿಗೆ ಆ ಶಿಕ್ಷೆ ಸಲೀಸು. ಕಣ್ಣಿಗೆ ಅಪಾಯ ಇರುವುದರಿಂದ ನೋಡುವವರನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ.

ಸೀಪಾ ಎಂದರೆ ಒದೆ. ತೂತಿರುವ ವಾಷರ್ ಒಂದಕ್ಕೆ ಪ್ಲಾಸ್ಟಿಕ್ ಚೀಲದ ಪಟ್ಟಿಗಳನ್ನು ಕುಚ್ಚಿನಂತೆ ಕಟ್ಟಿ, ಪಾದದ ಒಳಬದಿಯಿಂದ ಮೇಲಕ್ಕೆ ಒದೆಯುತ್ತಾ ನೆಲಕ್ಕೆ ಬೀಳದಂತೆ ಎಣಿಸುವುದು. ಒಂಟಿ ಮಗುವಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಇಲ್ಲ. ಮೊದಲ ವಾರ ಎರಡು ದಾಟಿದರೆ ಅದೇ ದೊಡ್ಡದು.

ತೆಂಗಿನ ನಾಡಿನವರಿಗೆ ಹೇಳಲೇಬೇಕಾದದ್ದು ಚಿಪ್ಪಿನ ನಡಿಗೆ. ಬಿದಿರಿನ ಮರಗಾಲು ಅಲ್ಲಿಯೂ ಇದೆ, ಚಿಕ್ಕವರಿಗೆ ತೆಂಗಿನ ಚಿಪ್ಪು. ಎರಡು ಗಟ್ಟಿ ಚಿಪ್ಪು ತೆಗೆದುಕೊಂಡು ನಡುವೆ ತೂತು ಕೊರೆದು, ಹಗ್ಗ ತೂರಿಸಿ ಒಳಗಿನಿಂದ ಗಂಟು ಹಾಕಿ. ಬೋರಲು ಹಾಕಿದ ಚಿಪ್ಪಿನ ಮೇಲೆ ನಿಂತು, ಹಗ್ಗವನ್ನು ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಸಿಕ್ಕಿಸಿ, ಕೈಯಿಂದ ಬಿಗಿಯಾಗಿ ಎಳೆದು ಹಿಡಿದು ನಡೆಯಬೇಕು. ಮಗು ಬಲಗಾಲು ಎತ್ತುವಾಗ ಬಲಗೈಯೂ ಎತ್ತಬೇಕೆಂದು ಕಂಡುಕೊಳ್ಳುವವರೆಗೆ ಚಿಪ್ಪು ಜಾರುತ್ತಲೇ ಇರುತ್ತದೆ. ಕೈ ಹಿಡಿದು ನಡೆಸಬೇಡಿ, ಪಕ್ಕದಲ್ಲಿ ನಿಂತಿದ್ದರೆ ಸಾಕು.

ಮಳೆ ಬಂದಾಗ ಸುಂಗ್ಕಾ

ದೋಣಿಯಾಕಾರದ ಮರದ ಮಣೆ. ಎರಡು ಸಾಲಿನಲ್ಲಿ ಏಳೇಳು ಗುಳಿ, ಎರಡು ತುದಿಯಲ್ಲಿ ಒಂದೊಂದು ದೊಡ್ಡ ಗುಳಿ. ಗುಳಿಗೆ ಏಳರಂತೆ 98 ಕವಡೆ. ಚೆನ್ನೆಮಣೆಯನ್ನು ಕಂಡವರು ಈ ವಾಕ್ಯ ಮುಗಿಯುವ ಮೊದಲೇ ಗುರುತು ಹಿಡಿದಿರುತ್ತೀರಿ. ಆ ನಾಡಿನಲ್ಲಿ ಇದರ ಮೊದಲ ಬರಹದ ದಾಖಲೆ 1692ರದು. ಯೇಸೂ ಸಭೆಯ ಪಾದ್ರಿ ಹೋಸೆ ಸಾಂಚೆಸ್ ತಮ್ಮ ಬಿಸಾಯಾ ಭಾಷೆಯ ನಿಘಂಟಿನಲ್ಲಿ, ದೋಣಿಯಂಥ ಮಣೆಯ ಮೇಲೆ ಚಿಪ್ಪುಗಳಿಂದ ಆಡುವ ಆಟವೆಂದು ಬರೆದಿಟ್ಟರು.

ಮಣೆ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಿಂದ 14 ವೃತ್ತ ಬರೆದು, ತುದಿಗೊಂದೊಂದು ಬಟ್ಟಲಿಡಿ. ಹುಣಸೆ ಬೀಜ 98 ಎಣಿಸಿಕೊಳ್ಳಿ. ಆ ಎಣಿಕೆಯನ್ನು ಮಕ್ಕಳೇ ಮಾಡಲಿ. ನಿಮ್ಮ ಎದುರಿನ ಏಳು ಮನೆ ನಿಮ್ಮವು, ನಿಮ್ಮ ಎಡಗಡೆಯ ಬಟ್ಟಲು ನಿಮ್ಮದು. ಒಂದು ಮನೆಯ ಬೀಜಗಳನ್ನೆಲ್ಲ ಎತ್ತಿ, ಎಡಕ್ಕೆ ಸಾಗುತ್ತಾ ಮನೆಗೊಂದರಂತೆ ಬಿಡುತ್ತಾ ಹೋಗಿ. ನಿಮ್ಮ ಬಟ್ಟಲಿಗೂ ಒಂದು ಬೀಳಲಿ, ಎದುರಾಳಿಯ ಬಟ್ಟಲನ್ನು ಬಿಟ್ಟು ಮುಂದೆ ಸಾಗಿ. ಕೊನೆಯ ಬೀಜ ನಿಮ್ಮ ಬಟ್ಟಲಿಗೆ ಬಿದ್ದರೆ ಮತ್ತೆ ನಿಮ್ಮದೇ ಸರದಿ. ಬೀಜವಿರುವ ಮನೆಗೆ ಬಿದ್ದರೆ ಅದನ್ನೆಲ್ಲ ಎತ್ತಿಕೊಂಡು ಮುಂದುವರಿಸಿ. ಎದುರಾಳಿಯ ಖಾಲಿ ಮನೆಗೆ ಬಿದ್ದರೆ ಸರದಿ ಮುಗಿಯಿತು. ನಿಮ್ಮದೇ ಖಾಲಿ ಮನೆಗೆ ಬಿದ್ದರೆ, ಅದರ ಎದುರಿನ ಮನೆಯ ಬೀಜಗಳೆಲ್ಲ ನಿಮ್ಮ ಬಟ್ಟಲಿಗೆ. ಮೊದಲ ನಡೆಯನ್ನು ಇಬ್ಬರೂ ಒಟ್ಟಿಗೆ ಶುರುಮಾಡುತ್ತಾರೆ. ಆ ಗಡಿಬಿಡಿಯಲ್ಲಿ ನಾಲ್ಕು ಕೈಗಳು ಹೆಣೆದುಕೊಳ್ಳುವುದೇ ಒಂದು ಸೊಗಸು.

ಮರುಸುತ್ತಿಗೆ ಗೆದ್ದ ಬೀಜಗಳಿಂದ ನಿಮ್ಮ ಮನೆಗಳನ್ನು ಮತ್ತೆ ತುಂಬಬೇಕು. ತುಂಬಲಾಗದೆ ಉಳಿದ ಮನೆಗೆ ‘ಸೂನೊಗ್’ ಎನ್ನುತ್ತಾರೆ, ಸುಟ್ಟ ಮನೆ. ಮಾತಿಗಷ್ಟೇ ಅಲ್ಲ, ಮನೆಯೊಳಗೆ ಸುಂಗ್ಕಾ ಆಡಿದರೆ ಮನೆಗೆ ಬೆಂಕಿ ಬೀಳುತ್ತದೆ ಎಂಬ ನಂಬಿಕೆ ಅಲ್ಲಿ ಕೆಲವರಲ್ಲಿದೆ. ತುಳುನಾಡಿನಲ್ಲಿ ಚೆನ್ನೆಮಣೆ ಆಟಿ ತಿಂಗಳ ಆಟ, ಅದಕ್ಕೂ ನೆರಳಿನಂಥ ಕಥೆಯೊಂದು ಅಂಟಿಕೊಂಡಿದೆ. ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗ ಎಂಬ ಅಕ್ಕತಂಗಿಯರು ಚೆನ್ನೆ ಆಡುತ್ತಾ ಜಗಳವಾಡಿ, ಮಣೆಯೇ ಆಯುಧವಾಗಿ, ಇಬ್ಬರೂ ಇಲ್ಲವಾಗುತ್ತಾರೆ. ಇಷ್ಟು ಪುಟ್ಟ ಆಟಕ್ಕೆ ಎರಡೂ ಕರಾವಳಿಗಳು ಇಷ್ಟು ದೊಡ್ಡ ಭಯವನ್ನು ಏಕೆ ಕಟ್ಟಿದವೋ. ಗುಳಿಯಿಂದ ಗುಳಿಗೆ ಸಂಪತ್ತು ಹರಿದು ಒಬ್ಬರ ಕಡೆ ಗುಡ್ಡೆಯಾಗುವುದನ್ನು ಕಣ್ಣಾರೆ ನೋಡುವ ಆಟ ಇದು, ಮಕ್ಕಳು ಸೋಲನ್ನು ಬೀಜ ಬೀಜವಾಗಿ ಎಣಿಸುತ್ತಾರೆ. ಗುಳಿಗೆ ನಾಲ್ಕು ಬೀಜ ಹಾಕಿ ಹೂಡುವ ಚೆನ್ನೆಗಿಂತ ಏಳು ಹಾಕುವ ಸುಂಗ್ಕಾದಲ್ಲಿ ಲೆಕ್ಕ ಉದ್ದವಾಗುತ್ತದೆ. ಆರು ವರ್ಷದವರಿಗೆ ನಾಲ್ಕರಿಂದಲೇ ಶುರುಮಾಡಿಸಿ. ಕೊನೆಯ ಬೀಜ ಎಲ್ಲಿ ಬೀಳುತ್ತದೆಂದು ಮುಟ್ಟಿ ಎಣಿಸುವ ಮಗು, ತಿಂಗಳೊಳಗೆ ಮುಟ್ಟದೆ ಕಣ್ಣಿನಲ್ಲೇ ಎಣಿಸತೊಡಗುತ್ತದೆ. ಮನಸ್ಸಿನ ಲೆಕ್ಕ ಹುಟ್ಟುವುದನ್ನು ನೋಡಬೇಕೆಂದರೆ ಆ ದಿನಗಳಲ್ಲಿ ಪಕ್ಕದಲ್ಲಿ ಕೂತಿರಿ.

ನಿಮ್ಮ ಕೆಲಸ ಎಲ್ಲಿ ಮುಗಿಯುತ್ತದೆ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ಮೈ ದಣಿಸಬೇಕು. 146 ದೇಶಗಳ ಶಾಲಾಮಕ್ಕಳ 2016ರ ಸ್ಥಿತಿಯನ್ನು ಲೆಕ್ಕಹಾಕಿ ಆ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಕಷ್ಟು ಮೈ ದಣಿಸದ ಹುಡುಗರ ಪ್ರಮಾಣ ಅತಿ ಹೆಚ್ಚಿದ್ದ ದೇಶ ಇದೇ ಫಿಲಿಪೀನ್ಸ್: ಶೇ. 93. ಇಷ್ಟೊಂದು ಬೀದಿಯಾಟಗಳ ತವರು ಅದು. ಆತೆಗೆ ಈ ಸಂಖ್ಯೆ ಓದಿ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೊರೊನಾ ಬಂತು. 2020ರ ಮಾರ್ಚ್‌ನಲ್ಲಿ ಅಲ್ಲಿ ಮುಚ್ಚಿದ ಶಾಲೆಗಳು ಬಹುಪಾಲು ಮಕ್ಕಳಿಗೆ ಪೂರ್ತಿಯಾಗಿ ತೆರೆದದ್ದು 2022ರಲ್ಲಿ, ಮಕ್ಕಳು ಮನೆಯಿಂದ ಹೊರಬರುವುದಕ್ಕೇ ಬಹುಕಾಲ ನಿರ್ಬಂಧವಿತ್ತು. ಮ್ಯಾಗ್ನಾ ಕುಲ್ತುರಾ ಎಂಬ ಪ್ರತಿಷ್ಠಾನದಂಥವರು ಶಾಲೆ ಮತ್ತು ಬಡಾವಣೆಗಳಲ್ಲಿ ಈ ಆಟಗಳನ್ನು ಮತ್ತೆ ಆಡಿಸುವ ಕೆಲಸ ಮಾಡುತ್ತಿದ್ದಾರೆ.

ಆದರೆ ಆಟವನ್ನು ದೊಡ್ಡವರೇ ಪೂರ್ತಿ ನಡೆಸಿದರೆ ಅದು ಡ್ರಿಲ್ ಆಗುತ್ತದೆ. ನಾನು ಮೊದಲ ತಿಂಗಳು ಆ ತಪ್ಪು ಮಾಡಿದೆ. ಸೀಟಿ ಊದಿದೆ, ಅಂಕ ಬರೆದೆ, ‘ಮುಟ್ಟಿದ, ಮುಟ್ಟಲಿಲ್ಲ’ ಎಂಬ ಪ್ರತಿ ಜಗಳಕ್ಕೂ ತೀರ್ಪು ಕೊಟ್ಟೆ. ಮಕ್ಕಳು ಆಟ ಬಿಟ್ಟು ನನ್ನ ಮುಖ ನೋಡತೊಡಗಿದರು. ಆತೆ ನನ್ನನ್ನು ಕರೆದು ಮೆಟ್ಟಿಲ ಮೇಲೆ ಕೂರಿಸಿದರು. ಆ ದಿನ ಒಂದು ಜಗಳ ಆರೇಳು ನಿಮಿಷ ನಡೆಯಿತು. ಎದ್ದು ಹೋಗಬೇಕೆಂದು ನನ್ನ ಕಾಲು ತುಡಿಯುತ್ತಿತ್ತು. ಕೊನೆಗೆ ನನ್ನ ಮಗಳೇ ‘ಆ ಎಸೆತ ಬಿಡಿ, ಮೊದಲಿನಿಂದ’ ಎಂದು ಕೈಸನ್ನೆ ಮಾಡಿದಳು, ಎಲ್ಲರೂ ಒಪ್ಪಿದರು. ಆದ್ದರಿಂದ ಮೂರೇ ಸಂದರ್ಭದಲ್ಲಿ ಮಧ್ಯೆ ಹೋಗಿ: ರಕ್ತ ಬಂದರೆ, ವಾಹನ ಬಂದರೆ, ಒಂದೇ ಮಗುವನ್ನು ಎಲ್ಲರೂ ಸೇರಿ ಬೇಕೆಂದೇ ಗುರಿಮಾಡಿದರೆ. ಮೂರನೆಯದಕ್ಕೆ ಬೈಯುವುದಕ್ಕಿಂತ ಆಟ ಬದಲಿಸುವುದು ಒಳ್ಳೆಯದು. ಒಬ್ಬ ತಾಯಾ ಇರುವ ಆಟ ನಿಲ್ಲಿಸಿ ತಂಡದ ಆಟಕ್ಕೆ, ಪಾತಿಂತೆರೊಗೆ, ಹೊರಳಿಸಿ.

ಸಾಲಿಂಗ್ ಪೂಸಾ ಎಷ್ಟು ದಿನ ಸಾಲಿಂಗ್ ಪೂಸಾ ಆಗಿಯೇ ಇರಬೇಕು ಎಂದು ಹಲವು ತಾಯಂದಿರು ಕೇಳುತ್ತಾರೆ. ವಯಸ್ಸಿನ ಲೆಕ್ಕ ಇಟ್ಟುಕೊಳ್ಳಬೇಡಿ, ಮಗುವೇ ತಿಳಿಸುತ್ತದೆ. ನನ್ನ ಮಗನಿಗೆ ಆಗ ನಾಲ್ಕು ದಾಟಿತ್ತು. ತುಂಬಂಗ್ ಪ್ರೆಸೊದಲ್ಲಿ ಅವನು ಸಿಕ್ಕಿಬಿದ್ದ, ಎಂದಿನಂತೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವನು ಅಲ್ಲಿಂದ ಕದಲಲಿಲ್ಲ. ಮೂಗು ಒರೆಸಿಕೊಂಡು, ಉರುಳಿದ್ದ ಡಬ್ಬಿಯನ್ನು ಎತ್ತಿ ತಂದು, ವೃತ್ತದೊಳಗೆ ನಿಲ್ಲಿಸಿದ. ಅದು ಬಿತ್ತು. ಮತ್ತೆ ನಿಲ್ಲಿಸಿದ. ಆಮೇಲೆ ಪಕ್ಕದಲ್ಲಿ ಕಾಲು ಅಗಲಿಸಿ ನಿಂತು ‘ತಾಯಾ’ ಎಂದ. ದೊಡ್ಡ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತಾಡದೆ ಎಲ್ಲರೂ ಗೆರೆಯ ಹಿಂದಕ್ಕೆ ಸರಿದು, ಬಗ್ಗಿ ಚಪ್ಪಲಿ ಕಳಚಿದರು.